ಪಾಸ್ ಇದ್ಮೇಲೆ ಮತ್ತೆ ಸೀಟಿಗೆ ಯಾಕ್ರೀ ದುಡ್ಡು?

ಯೂರೋಪ್ ಟ್ರಿಪ್ ಪ್ಲಾನ್ ಮಾಡ್ಕೊಡೋ ನನ್ನಂಥವ್ರಿಗೆ ಬೇಸಿಗೆ ರಜಾ ಹತ್ರ ಬಂತು ಅಂದ್ರೆ ಇದೊಂದೇ ಜಗಳ. "ಅಷ್ಟು ದುಡ್ಡು ಸುರಿದು ಯೂರೋಪಿನ ರೈಲುಗಳಲ್ಲಿ ಓಡಾಡೋ ಯೂರೇಲ್ ಪಾಸ್ ತಗೊಂಡಿದೀವಿ, ಮತ್ತೆ ಸೀಟಿಗೆ ಬೇರೆ ಕೊಡ್ಬೇಕಾ, ನಿಮ್ಮ ಕಮಿಷನ್ನಾ ಇದು?" ಅಲ್ಲ ಸ್ವಾಮಿ, ರೈಲು ಓಡಿಸೋರಿಗೆ ಹೋಗೋ ದುಡ್ಡು. ಯೂರೇಲ್ ಸೈಟಲ್ಲೇ ಬುಕ್ ಮಾಡಿದ್ರೆ ಅದರ ಮೇಲೆ ಅವರದ್ದೂ ಒಂಚೂರು ಚಾರ್ಜ್ ಬೀಳುತ್ತೆ.

ಪಾಸಲ್ಲಿ ಟಿಕೆಟ್ ದುಡ್ಡು ಮುಗೀತು, ಸೀಟಿನ ಮಾತು ಬೇರೆ. ಮಂಡ್ಯದಿಂದ ಬೆಂಗಳೂರಿಗೆ ಸೀಸನ್ ಪಾಸ್ ಇಟ್ಕೊಂಡು ಓಡಾಡೋರು ರಿಸರ್ವೇಶನ್ ಬೋಗಿಲಿ ಹೋಗಿ ಕೂತ್ರೆ ಟಿಸಿ ಸುಮ್ನಿರ್ತಾರಾ? ಇದು ಗೊತ್ತಿರೋರೇ ಪ್ಯಾರಿಸ್ಸಲ್ಲಿ ಇಳಿದ ತಕ್ಷಣ ಮರ್ತುಬಿಡ್ತಾರೆ.

ಎಲ್ಲಾ ರೈಲಿಗೂ ಕೊಡ್ಬೇಕು ಅಂತಾನೂ ಅಲ್ಲ. ಫ್ರಾನ್ಸ್ ಒಳಗೆ ಓಡೋ ವೇಗದ ರೈಲು ಟಿಜಿವಿಗೆ ಸೀಟು ರಿಸರ್ವೇಶನ್ ಕಡ್ಡಾಯ, ಪಾಸ್ ಇದ್ರೆ 10 ಅಥವಾ 20 ಯೂರೋ. ಇಟಲಿಯ ವೇಗದ ರೈಲು ಫ್ರೆಚ್ಚಾರೊಸ್ಸಾಗೆ 13ರ ಆಸುಪಾಸು, ಲಂಡನ್-ಪ್ಯಾರಿಸ್ ಯೂರೋಸ್ಟಾರ್‌ಗೆ 30ರ ಮೇಲೇನೇ. ರೇಟು ಬದಲಾಗ್ತಿರುತ್ತೆ, ಬುಕ್ ಮಾಡೋ ದಿನ ಒಂದ್ಸಲ ನೋಡ್ಕೊಳ್ಳಿ. ಸ್ವಿಟ್ಜರ್ಲೆಂಡ್‌ನ ಮಾಮೂಲಿ ರೈಲುಗಳಿಗೆ ರಿಸರ್ವೇಶನ್ನೇ ಬೇಡ, ಆದ್ರೆ ಪ್ರವಾಸಿಗರಿಗೆ ಅಂತಲೇ ಓಡೋ ಗ್ಲೇಸಿಯರ್ ಎಕ್ಸ್‌ಪ್ರೆಸ್, ಬರ್ನೀನಾ ಎಕ್ಸ್‌ಪ್ರೆಸ್‌ಗೆ ಬೇಕೇ ಬೇಕು. ಬರ್ನೀನಾದ ಅದೇ ಹಳಿ ಮೇಲೆ ಲೋಕಲ್ ರೈಲೂ ಓಡುತ್ತೆ, ಸೀಟು ಚಾರ್ಜ್ ಇಲ್ಲ, ಕೆಲವು ಹಳೇ ಡಬ್ಬಿಗಳಲ್ಲಿ ಕಿಟಕಿ ಇಳಿಸಿ ಫೋಟೋನೂ ತೆಗೀಬಹುದು, ಗಾಜಿನ ಪ್ರತಿಫಲನದ ಕಾಟ ಇರಲ್ಲ. ನಾನು ಹೇಳ್ತಾನೇ ಇರ್ತೀನಿ, ಆದ್ರೆ ಎಲ್ರಿಗೂ ದೊಡ್ಡ ಹೆಸರಿನ ರೈಲೇ ಬೇಕು, ಊರಿಗೆ ಬಂದು ಹೇಳ್ಕೊಳ್ಳೋಕೆ.

ದುಡ್ಡಿಗಿಂತ ದೊಡ್ಡ ತಲೆನೋವು ಕೋಟಾ. ಯೂರೋಸ್ಟಾರ್‌ನಲ್ಲಿ, ಪ್ಯಾರಿಸ್‌ನಿಂದ ಜ್ಯೂರಿಕ್‌ಗೆ ಹೋಗೋ ಟಿಜಿವಿಲಿ ಪಾಸಿನವರಿಗೆ ಅಂತ ಇಂತಿಷ್ಟೇ ಸೀಟು ಇಟ್ಟಿರ್ತಾರೆ, ಅದು ಮುಗಿದ್ರೆ ರೈಲಲ್ಲಿ ಜಾಗ ಇದ್ರೂ ನಿಮಗಿಲ್ಲ. ಬ್ಯಾಂಕಿಂದ ರಿಟೈರ್ ಆದ ಒಬ್ಬರು ಅಂಕಲ್, ಆಂಟಿನೂ ಕರ್ಕೊಂಡು "ಅಲ್ಲೇ ಸ್ಟೇಷನ್ನಲ್ಲಿ ತಗೋತೀವಿ ಬಿಡಪ್ಪಾ" ಅಂತ ಹೊರಟ್ರು. ಪ್ಯಾರಿಸ್‌ನ ಕೌಂಟರಲ್ಲಿ ಕೋಟಾ ಖಾಲಿ, ಫುಲ್ ಟಿಕೆಟ್ ತಗೊಳ್ಳಿ ಅಂದ್ರಂತೆ. ಫೋನ್ ಮಾಡಿ ನನಗೇ ಬೈದ್ರು. ಆಮೇಲೆ ಟ್ರ್ವಾ, ಬೆಲ್ಫೋರ್ ಮೇಲೆ ಮುಲೂಸ್ ತನಕ ರಿಸರ್ವೇಶನ್ ಬೇಡದ ಟಿಇಆರ್ ಅನ್ನೋ ಮಾಮೂಲಿ ರೈಲು, ಅಲ್ಲಿಂದ ಬಾಸೆಲ್, ಬಾಸೆಲ್‌ನಿಂದ ಜ್ಯೂರಿಕ್ ಅಂತ ವಾಟ್ಸಾಪಲ್ಲೇ ದಾರಿ ತೋರ್ಸಿ ಕಳಿಸ್ದೆ. ತಲುಪೋ ಹೊತ್ತಿಗೆ ಸಂಜೆ ಆಗಿತ್ತು, ಆದ್ರೆ ಆಂಟಿ ಕಳಿಸಿದ ಹೊಲಗಳ ಫೋಟೋ ನೋಡಿದ್ರೆ ಅವರಿಗೇನೂ ಬೇಜಾರಾದಂಗೆ ಕಾಣ್ಲಿಲ್ಲ.

ಜರ್ಮನಿಯ ವೇಗದ ರೈಲು ಐಸಿಇಲಿ ದೇಶದೊಳಗೆ ರಿಸರ್ವೇಶನ್ ಕಡ್ಡಾಯ ಅಲ್ಲ, ಸುಮಾರು 5 ಯೂರೋ ಕೊಟ್ರೆ ಸೀಟು ಖಾತ್ರಿ. ಜುಲೈ ಶನಿವಾರ ಮಂಡಿನೋವಿರೋ ಅಪ್ಪ ಅಮ್ಮನ್ನ ಕರ್ಕೊಂಡು ಹೋಗೋರು ಆ 5 ಯೂರೋಗೆ ಜಿಪುಣತನ ಮಾಡ್ಬೇಡಿ. ರಿಸರ್ವೇಶನ್ ಇಲ್ದೆ ಹತ್ತಿದ್ರೆ ಸೀಟಿನ ಹತ್ರ ಇರೋ ಚಿಕ್ಕ ಡಿಸ್‌ಪ್ಲೇ ಓದಿ ಕೂತ್ಕೊಳ್ಳಿ. ಎರಡು ಊರಿನ ಹೆಸರು ಬಂದಿದ್ರೆ ಆ ಎರಡರ ಮಧ್ಯೆ ಅದು ಬೇರೆಯವರ ಸೀಟು, ಅವರು ಬಂದು ಕೇಳಿದ್ರೆ ಚಪಾತಿ ಡಬ್ಬಿ ಸಮೇತ ಎದ್ದೇಳ್ಬೇಕಾಗುತ್ತೆ.