ರಿವರ್ಸ್ ಕಲ್ಚರ್ ಶಾಕ್: ಊರಿಗೆ ಮರಳಿದ ಮೇಲಿನ ತಳಮಳ

ಓದಲು ಹೊರದೇಶಕ್ಕೆ ಹೋದವರಿಗೆ ಅಲ್ಲಿ ಹೊಂದಿಕೊಳ್ಳುವುದು ಕಷ್ಟ ಎಂಬುದು ಎಲ್ಲರಿಗೂ ಗೊತ್ತು. ಅದು ಕಲ್ಚರ್ ಶಾಕ್. ಓದು ಮುಗಿಸಿ ಊರಿಗೆ ಬಂದ ಮೇಲೂ ಅಂಥದ್ದೇ ಕಸಿವಿಸಿ ಕಾಡಬಹುದು. ಅದಕ್ಕೆ ರಿವರ್ಸ್ ಕಲ್ಚರ್ ಶಾಕ್ ಅನ್ನುತ್ತಾರೆ.

ಕಲ್ಚರ್ ಶಾಕ್ ಎಂಬ ಮಾತನ್ನು ಬಳಕೆಗೆ ತಂದವರಲ್ಲಿ ಮುಖ್ಯರು ಮಾನವಶಾಸ್ತ್ರಜ್ಞ ಕಲೆರ್ವೊ ಒಬರ್ಗ್. 1960ರ ಲೇಖನದಲ್ಲಿ ಅವರು ಇದನ್ನು ವಿವರಿಸಿದ್ದಾರೆ. ಯಾರಿಗೆ ಯಾವಾಗ ಕೈ ಕುಲುಕಬೇಕು, ಯಾವ ಮಾತಿಗೆ ನಗಬೇಕು ಎಂಬಂಥ ಸಣ್ಣಪುಟ್ಟ ಸುಳಿವುಗಳು ಕೈತಪ್ಪಿದಾಗ ಹುಟ್ಟುವ ಆತಂಕ ಅದು. ಅದಕ್ಕೂ ಮೊದಲು, 1955ರಲ್ಲಿ, ಅಮೆರಿಕಕ್ಕೆ ಹೋಗಿದ್ದ ನಾರ್ವೆಯವರನ್ನು ಸಮಾಜಶಾಸ್ತ್ರಜ್ಞ ಸ್ವೆರೆ ಲಿಸ್ಗಾರ್ಡ್ ಅಧ್ಯಯನ ಮಾಡಿದ್ದರು. ಮೊದಲು ಉತ್ಸಾಹ, ಆಮೇಲೆ ಕುಸಿತ, ನಿಧಾನಕ್ಕೆ ಚೇತರಿಕೆ. ಈ ಏರಿಳಿತವನ್ನು ಗೆರೆಯಾಗಿ ಎಳೆದರೆ ಇಂಗ್ಲಿಷಿನ ‘ಯು’ ಅಕ್ಷರದ ಆಕಾರ. 1963ರಲ್ಲಿ ಸಂಶೋಧಕರಾದ ಗಲ್ಲಹಾರ್ನ್ ದಂಪತಿ, ತಾಯ್ನಾಡಿಗೆ ಮರಳಿದ ಮೇಲೆ ಇನ್ನೊಂದು ಕುಸಿತವಿದೆ ಎಂದರು. ‘ಯು’ ಹೋಗಿ ‘ಡಬ್ಲ್ಯು’ ಆಯಿತು.

ಜರ್ಮನಿಯಲ್ಲಿ ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ, ಗಲಾಟೆ ಮಾಡುವಂತಿಲ್ಲ. ಅಲ್ಲಿಂದ ಬಂದವರಿಗೆ ಬೆಂಗಳೂರಿನ ಹಾರ್ನ್ ಸದ್ದು ತಲೆನೋವು ತರಿಸುತ್ತದೆ. ಇದೇನೋ ಬೇಗ ರೂಢಿಯಾಗುತ್ತದೆ. ನಿಜವಾದ ನೋವು ಮನೆಯೊಳಗಿನದು. ಜೊತೆಯಲ್ಲಿ ಓದಿದವರು ಮದುವೆ, ಕೆಲಸ ಅಂತ ಬೇರೆ ದಾರಿ ಹಿಡಿದಿರುತ್ತಾರೆ. ವಿಡಿಯೊ ಕಾಲ್‌ನಲ್ಲಿ ಕಾಣದಿದ್ದ ಅಮ್ಮನ ಮಂಡಿನೋವು ಈಗ ಕಾಣುತ್ತದೆ. ಒಬ್ಬರೇ ಅಡುಗೆ, ಬಾಡಿಗೆ, ಪರೀಕ್ಷೆ ಎಲ್ಲ ನಿಭಾಯಿಸಿದವರನ್ನು ‘ಎಲ್ಲಿಗೆ ಹೊರಟೆ, ಎಷ್ಟೊತ್ತಿಗೆ ಬರ್ತೀಯ’ ಎಂದು ಕೇಳುತ್ತಾರೆ. ಮಗಳು ಬಂದಳು ಅಂತ ಹೋಳಿಗೆ ಮಾಡಿದ ಮನೆಯಲ್ಲಿ ‘ನನಗ್ಯಾಕೋ ಬೇಜಾರಾಗ್ತಿದೆ’ ಅಂತ ಹೇಳುವುದಾದರೂ ಹೇಗೆ?

ಹೋಗುವಾಗ ಕಷ್ಟ ಇರುತ್ತೆ ಅಂತ ಗೊತ್ತಿರುತ್ತದೆ, ಮನಸ್ಸು ಸಿದ್ಧವಾಗಿರುತ್ತದೆ. ಬರುವಾಗ ಆ ಸಿದ್ಧತೆ ಇರುವುದಿಲ್ಲ. ಅದಕ್ಕೇ ಇದು ಕೆಲವರನ್ನು ಜಾಸ್ತಿ ಕಾಡುತ್ತದೆ. ಸುಮ್ಮನೆ ಕೂತವರನ್ನು ನೋಡಿ ನೆಂಟರು ‘ಫಾರಿನ್ ಜಂಬ’ ಅನ್ನುತ್ತಾರಲ್ವಾ, ಅದು ದೊಡ್ಡ ಅನ್ಯಾಯ.

ಹಾಗಂತ ‘ಡಬ್ಲ್ಯು’ ಎಲ್ಲರ ಹಣೆಬರಹವೂ ಅಲ್ಲ. ನ್ಯೂಜಿಲೆಂಡಿಗೆ ಹೋದ ಜಪಾನಿ ವಿದ್ಯಾರ್ಥಿಗಳ ಬಗ್ಗೆ 1998ರಲ್ಲಿ ಬಂದ ಅಧ್ಯಯನವೊಂದರಲ್ಲಿ, ಉತ್ಸಾಹ ಇರಬೇಕಾದ ಶುರುವಿನಲ್ಲೇ ಸಂಕಟ ಹೆಚ್ಚಿತ್ತು. ಒಬ್ಬೊಬ್ಬರದು ಒಂದೊಂದು ಥರ. ಇದು ಕಾಯಿಲೆಯೂ ಅಲ್ಲ. ಆದರೆ ನಿದ್ದೆ, ಊಟ ಕೆಟ್ಟು ದಿನಗಟ್ಟಲೆ ಹಾಗೇ ಉಳಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.