ಪಯೊನೀರ್: ನಮ್ಮ ಪೇದೆಯ ದೂರದ ನೆಂಟ

ಮೊನ್ನೆ ಒಂದು ಅನುವಾದದಲ್ಲಿ ಮತ್ತೆ ಸಿಕ್ಕಿತು: ‘ಪ್ರವರ್ತಕ ಮಹಿಳೆಯೊಬ್ಬಳ ನೆನಪುಗಳು’. ಯಾವುದರ ಪ್ರವರ್ತಕಿ ಅಂತ ಪುಟ ತಿರುಗಿಸಿದರೆ, ಎತ್ತಿನ ಬಂಡಿಗೆ ಸಂಸಾರ ಹೇರಿಕೊಂಡು ಅಮೆರಿಕದ ಪಶ್ಚಿಮಕ್ಕೆ ಹೊರಟ ಮನೆಯೊಂದರ ಹೆಣ್ಣುಮಗಳು. ಆಕೆ ಯಾವ ಚಳವಳಿಯನ್ನೂ ಶುರು ಮಾಡಿದವಳಲ್ಲ. ಮೂಲದಲ್ಲಿ ಇದ್ದದ್ದು ‘ಪಯೊನೀರ್’. ‘ಹರಿಕಾರಳು’ ಅಂತಲೂ ಓದಿದ್ದೇನೆ, ‘ಮೊದಲ ಸಾಧಕಿ’ ಅಂತಲೂ ಓದಿದ್ದೇನೆ. ಇನ್ನು ಸುಮ್ನೆ ಇರೋಕಾಗಲ್ಲ.

ಪದದ ಬುಡ ನೋಡಿದರೆ ಅಲ್ಲಿ ಸಾಧನೆಯೂ ಇಲ್ಲ, ‘ಮೊದಲು’ ಅನ್ನುವುದೂ ಇಲ್ಲ. ಇರುವುದು ಕಾಲು. ಲ್ಯಾಟಿನ್ನಿನ ‘ಪೆಸ್’ ಅಂದರೆ ಪಾದ. ಅದೇ ಬೇರಿನಿಂದ ಹಳೇ ಫ್ರೆಂಚಿಗೆ ಬಂದ ಪದಕ್ಕೆ ಕಾಲಾಳು ಅಂತ ಅರ್ಥ. ಆಮೇಲೆ ಸೈನ್ಯಕ್ಕಿಂತ ಮುಂದೆ ಗುದ್ದಲಿ, ಕೊಡಲಿ ಹಿಡಿದು ಹೋಗಿ ದಾರಿ ಮಾಡುವವನಿಗೆ ಆ ಹೆಸರು ಅಂಟಿತು. ಬ್ರಿಟಿಷರ ಕಾಲದ ಮದ್ರಾಸ್ ಪಯೊನೀರ್ಸ್ ಪಡೆಯವರು ಮಾಡುತ್ತಿದ್ದದ್ದೂ ಇದೇ ಕೆಲಸ. ಪೋರ್ಚುಗೀಸಿನಿಂದ ಬಂದ ಆಫೀಸಿನ ಪ್ಯೂನ್ ಈ ಪದದ ದಾಯಾದಿ. ಸಂಸ್ಕೃತದ ಪದಾತಿಯೂ ಇದೇ ವಂಶದ್ದು. ಪಾರಸಿಯ ‘ಪಿಯಾದಾ’ದಿಂದ ನಮ್ಮಲ್ಲಿಗೆ ಬಂದ ಪೇದೆಯೂ ಅಷ್ಟೇ. ಚೌಕದಲ್ಲಿ ನಿಂತ ಪೊಲೀಸ್ ಪೇದೆಗೂ ಆ ಬಂಡಿಯ ಹೆಂಗಸಿಗೂ ಇರುವ ನೆಂಟಸ್ತನ ಇದು. ಅಂದಹಾಗೆ, ಹರಿಕಾರನೂ ಮೊದಲು ಓಲೆ ಹೊತ್ತು ಓಡುತ್ತಿದ್ದ ಆಳೇ. ನಾವೇ ಅವನಿಗೆ ಬಡ್ತಿ ಕೊಟ್ಟದ್ದು.

ನಡಿಗೆಯ ಈ ಅರ್ಥ ಅಮೆರಿಕದಲ್ಲಿ ಜಾಸ್ತಿ ಹೊಂದುತ್ತದೆ. ನಡು ಅಮೆರಿಕದ ಮಿಸೌರಿಯಿಂದ ಪಶ್ಚಿಮ ಕರಾವಳಿಯ ಆರೆಗನ್‌ಗೆ ಸುಮಾರು 3,200 ಕಿಲೋಮೀಟರ್, ಐದಾರು ತಿಂಗಳ ದಾರಿ. ಬಂಡಿಯ ತುಂಬ ಹಿಟ್ಟು, ಬೇಕನ್ ಅನ್ನುವ ಉಪ್ಪು ಹಾಕಿದ ಹಂದಿಮಾಂಸ, ಹಾಸಿಗೆ. ಕೂತರೆ ಮೈಯೆಲ್ಲ ಕುಲುಕಾಟ. ಹಾಗಾಗಿ ಹೆಚ್ಚಿನವರು ಪಕ್ಕದಲ್ಲಿ ನಡೆದೇ ಹೋದರು. ಮರವಿಲ್ಲದ ಬಯಲಲ್ಲಿ ಹೆಂಗಸರು ಮಕ್ಕಳು ಬೈಸನ್ ಅನ್ನುವ ಕಾಡುಪ್ರಾಣಿಯ ಒಣಗಿದ ಸಗಣಿ ಆಯ್ದು ಒಲೆ ಹಚ್ಚುತ್ತಿದ್ದರು. ನಮ್ಮ ಬೆರಣಿಯೇ, ತಟ್ಟುವ ಕೆಲಸ ಮಾತ್ರ ಇಲ್ಲ.

ಕ್ಯಾಥರೀನ್ ಸೇಗರ್ 1844ರಲ್ಲಿ ಇದೇ ದಾರಿ ಹಿಡಿದು ಹೊರಟಾಗ ಒಂಬತ್ತು ವರ್ಷದ ಹುಡುಗಿ. ಓಡುತ್ತಿರುವ ಬಂಡಿಯಿಂದ ಜಿಗಿಯುವುದು ಆ ಮಕ್ಕಳಿಗೆ ಆಟ. ಲಾರಮಿ ಕೋಟೆಯ ಹತ್ತಿರ ಒಂದು ದಿನ ಅವಳ ಲಂಗದ ಅಂಚು ಕೊಡಲಿ ಹಿಡಿಗೆ ಸಿಕ್ಕಿತು. ಚಕ್ರ ಕಾಲ ಮೇಲೆ ಹರಿಯಿತು. ಮೂಳೆ ಕೂರಿಸಿದ್ದು ಅಪ್ಪನೇ. ಕೆಲವೇ ವಾರಗಳಲ್ಲಿ ಅಪ್ಪ ಜ್ವರದಿಂದ ಹೋದ, ಅವನ ಹಿಂದೆಯೇ ಅಮ್ಮನೂ. ಉಳಿದದ್ದು ಏಳು ಮಕ್ಕಳು, ಕೊನೆಯದು ದಾರಿಯಲ್ಲೇ ಹುಟ್ಟಿದ ಕೂಸು. ಅವಳು ಇದನ್ನು ಬರೆದಿಟ್ಟದ್ದು ದೊಡ್ಡವಳಾದ ಮೇಲೆ. ಈಗ ಹೇಳಿ, ಇವಳನ್ನು ‘ಮೊದಲ ಸಾಧಕಿ’ ಅನ್ನೋದಾ?

‘ಮೊದಲಿಗರು’ ಅಂತ ಇವರೆಲ್ಲರನ್ನೂ ಕರೆಯುವುದಂತೂ ಇನ್ನೂ ತಪ್ಪು. ದಾರಿಯುದ್ದಕ್ಕೂ ಪಾನಿ, ಶೊಶೋನಿ ಅನ್ನುವ ಮೂಲನಿವಾಸಿ ಜನ ಇದ್ದರು. ಹೊಸಬರು ಹೊಲ ಮಾಡಿದ ಆರೆಗನ್ನಿನ ವಿಲಾಮೆಟ್ ಕಣಿವೆ ಅಲ್ಲಿಯ ಮೂಲನಿವಾಸಿಗಳಾದ ಕಲಪೂಯ ಜನರದ್ದು. ಅವರ ಒಪ್ಪಿಗೆಗೂ ಕಾಯದೆ ಅಮೆರಿಕ ಸರ್ಕಾರದ 1850ರ ಕಾಯ್ದೆ ಆರೆಗನ್‌ನಲ್ಲಿ ನೆಲೆಸಿದ ಗಂಡ ಹೆಂಡತಿಗೆ 640 ಎಕರೆ ಹಂಚಿತು. ಅದರಲ್ಲಿ ಅರ್ಧ ಹೆಂಡತಿಯ ಹೆಸರಿಗೇ. ಮದುವೆಗಳು ಅವಸರವಾಗಿ ನಡೆದದ್ದಕ್ಕೆ ಇದೂ ಒಂದು ಕಾರಣ.

‘ಗುಳೆ ಹೋದವರು’ ಅನ್ನಬಹುದಲ್ವಾ ಅಂತ ಸ್ನೇಹಿತರೊಬ್ಬರು ಕೇಳಿದರು. ಆಗಲ್ಲ. ಗುಳೆ ಹೋದವರ ಕಣ್ಣು ಮಳೆಯ ಮೇಲೆ, ಮನಸ್ಸು ಊರಲ್ಲಿ. ಇವರಲ್ಲಿ ಹೆಚ್ಚಿನವರು ವಾಪಸ್ ಬರುವ ಮಾತಿಲ್ಲದೆ ಹೊರಟವರು. ನಾನಂತೂ ‘ವಲಸೆ ಬಂಡಿಯ ಹೆಂಗಸು’ ಅಂತ ಬರೆಯುತ್ತೇನೆ. ಉದ್ದವಾದರೆ ಪಯೊನೀರ್ ಅಂತಲೇ ಬಿಡಿ.

ಬಂಡಿಯ ಹೆಂಗಸು, ಪ್ರವರ್ತಕಿ ಎರಡೂ ಅರ್ಥಕ್ಕೆ ಒಪ್ಪುವವರು ಒಬ್ಬರಿದ್ದಾರೆ, ಅಬಿಗೇಲ್ ಸ್ಕಾಟ್ ಡನಿವೇ. 1852ರಲ್ಲಿ ಇಲಿನಾಯ್‌ನಿಂದ ಹೊರಟ ಮನೆಯ ದಿನಚರಿ ಬರೆಯುವ ಕೆಲಸ ಈ ಹದಿನೇಳರ ಹುಡುಗಿಯದು. ಕಾಲರಾದಿಂದ ತಾಯಿ ತೀರಿಕೊಂಡದ್ದು ಆ ದಾರಿಯಲ್ಲೇ. 1871ರಲ್ಲಿ ಪೋರ್ಟ್‌ಲ್ಯಾಂಡಿನಲ್ಲಿ ಸ್ವಂತ ಪತ್ರಿಕೆ ತೆಗೆದು ಹೆಂಗಸರ ಮತದ ಹಕ್ಕಿಗೆ ದಶಕಗಟ್ಟಲೆ ಹೋರಾಡಿದರು. 1912ರಲ್ಲಿ ಆರೆಗನ್ ಅದನ್ನು ಒಪ್ಪಿತು. ಅದರ ಅಧಿಕೃತ ಘೋಷಣಾ ಪತ್ರ ಬರೆದದ್ದು ಇವರ ಕೈಯೇ. ಆ ವಯಸ್ಸಾದ ಹೆಂಗಸನ್ನು ಪ್ರವರ್ತಕಿ ಅನ್ನಿ, ನನ್ನ ತಕರಾರಿಲ್ಲ. 1852ರ ಬಂಡಿಯ ಪಕ್ಕದ ಹುಡುಗಿಗೆ ಮಾತ್ರ ಆ ಪದ ಬೇಡ.