ಲೆಕ್ಕಕ್ಕೆ ಸಿಗದ ಗಾಳಿ

ಪುಣೆಯಿಂದ ಬೆಳಗಾವಿಗೆ ಹೊರಟಿದ್ದೆವು. ಖಂಬಾಟ್ಕಿ ಘಾಟ್ ಏರುವಾಗ ನಮ್ಮ ಡೀಸೆಲ್ ಕಾರಿನ ದಮ್ಮು ಕಟ್ಟಿತು, ಎಂಜಿನ್ ದೀಪ ಹೊತ್ತಿಕೊಂಡಿತು. ವಾಪಸ್ ಬಂದ ಮೇಲೆ ಒಂದು ಗ್ಯಾರೇಜಿನವರು ಸ್ಕ್ಯಾನರ್ ಚುಚ್ಚಿ, ‘ಪಿ0402, ಇಜಿಆರ್ ಹರಿವು ಜಾಸ್ತಿ’ ಎಂದರು. ಅಂದರೆ, ಉರಿದ ಹೊಗೆಯನ್ನು ಮತ್ತೆ ಎಂಜಿನ್ನಿಗೆ ಬಿಡುವ ಇಜಿಆರ್ ವಾಲ್ವ್ ಜಾಸ್ತಿ ಹೊಗೆ ಬಿಡುತ್ತಿದೆ ಎನ್ನುವ ದೋಷದ ಕೋಡ್. ವಾಲ್ವ್ ಬದಲಿಸಬೇಕಂತೆ. ಬೆಲೆ ಕೇಳಿ ಗಾಬರಿಯಾಗಿ ಪುಣೆ ಪಕ್ಕದ ಭೋಸರಿಗೆ ಹೋದೆ. ಅಲ್ಲಿ ವಿಜಯಪುರ ಕಡೆಯ ಮೆಕ್ಯಾನಿಕ್ ಒಬ್ಬರಿದ್ದಾರೆ.

ಅವರು ಮೊದಲು ಕೇಳಿದ್ದು: “ಏರಿನಾಗ ಕರಿ ಹೊಗಿ ಬಂದಿತ್ತೇನ್ರಿ?”

ಬಂದಿರಲಿಲ್ಲ.

“ಹಂಗಾರ ವಾಲ್ವಿನ ಮ್ಯಾಲ ನನಗ ನಂಬಿಕಿ ಇಲ್ರಿ.”

ಡೀಸೆಲ್ ಉರಿಯುವಾಗ ಬಿಸಿ ಸುಮಾರು 1500 ಡಿಗ್ರಿ ಸೆಲ್ಸಿಯಸ್ ದಾಟಿದರೆ ಗಾಳಿಯಲ್ಲಿರುವ ನೈಟ್ರೋಜನ್ ಮತ್ತು ಆಮ್ಲಜನಕ ಕೂಡಿಕೊಂಡು ವಿಷದ ಅನಿಲಗಳಾಗುತ್ತವೆ. 2020ರ ಏಪ್ರಿಲ್‌ನಲ್ಲಿ ಬಂದ, ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ, ಡೀಸೆಲ್ ಕಾರು ಇದನ್ನು ಕಿಲೋಮೀಟರಿಗೆ 80 ಮಿಲಿಗ್ರಾಂಗಿಂತ ಜಾಸ್ತಿ ಉಗುಳಬಾರದು ಎನ್ನುತ್ತದೆ. ಬಿಎಸ್-4ರಲ್ಲಿ ಮಿತಿ 250 ಇತ್ತು. ಅದಕ್ಕೇ ಉರಿದ ಹೊಗೆಯಲ್ಲಿ ಸ್ವಲ್ಪವನ್ನು ಇಜಿಆರ್ ವಾಲ್ವ್ ಮತ್ತೆ ಎಂಜಿನ್ನಿಗೆ ಬಿಡುತ್ತದೆ. ಆಮ್ಲಜನಕ ಕಡಿಮೆಯಾಗಿ ಉರಿ ತಣ್ಣಗಾಗುತ್ತದೆ.

ತಮಾಷೆ ಏನೆಂದರೆ, ಎಷ್ಟು ಹೊಗೆ ಮರಳಿತು ಎಂದು ನೇರವಾಗಿ ಅಳೆಯುವ ಸಾಧನ ಬಹಳಷ್ಟು ಕಾರುಗಳಲ್ಲಿ ಇರುವುದಿಲ್ಲ. ಕಂಪ್ಯೂಟರ್ ಕಳೆಯುವ ಲೆಕ್ಕ ಮಾಡುತ್ತದೆ, ಅಷ್ಟೇ. ನಮ್ಮದು 1500 ಸಿಸಿ, ನಾಲ್ಕು ಸಿಲಿಂಡರ್. ಒಂದೊಂದು ಸಿಲಿಂಡರ್ ಒಂದು ಸಲಕ್ಕೆ ಸುಮಾರು 400 ಮಿಲಿಗ್ರಾಂ ಗಾಳಿ ಎಳೆಯಬೇಕು. ಫಿಲ್ಟರ್ ಪಕ್ಕದ ಗಾಳಿ ಮೀಟರ್ 300 ಎಂದರೆ, ಉಳಿದ ಜಾಗ ಹೊಗೆಯದ್ದೇ ಎಂದು ಅದು ತೀರ್ಮಾನಿಸುತ್ತದೆ. ಮೀಟರ್ ತಪ್ಪು ಹೇಳಿದರೂ ಬೈಸಿಕೊಳ್ಳುವುದು ವಾಲ್ವ್!

ನಿಜಕ್ಕೂ ವಾಲ್ವ್ ತೆರೆದೇ ಸಿಕ್ಕಿಕೊಂಡಿದ್ದರೆ ಏರಿನಲ್ಲಿ ಗಾಳಿ ಸಾಲದೆ ಕರಿ ಹೊಗೆ ಬರುತ್ತಿತ್ತು. ನಮ್ಮ ಕಾರಿನಲ್ಲಿ ಗಾಳಿ ಇತ್ತು, ಕಂಪ್ಯೂಟರಿಗೆ ಕಾಣುತ್ತಿರಲಿಲ್ಲ. ಕಂಡಷ್ಟು ಗಾಳಿಗೆ ತಕ್ಕಷ್ಟೇ ಡೀಸೆಲ್ ಕೊಟ್ಟಿತು. ದಮ್ಮು ಹೋಗಿದ್ದು ಹಾಗೆ.

ಮೆಕ್ಯಾನಿಕ್ ಸ್ಕ್ಯಾನರಿನಿಂದ ವಾಲ್ವ್ ಪೂರ್ತಿ ಮುಚ್ಚಿಸಿದರು. ಗಾಳಿ ಮೀಟರಿನ ಅಂಕಿ 300ರಲ್ಲೇ ನಿಂತಿತು. ಮುಚ್ಚಿದರೂ ಸೋರುತ್ತಿರಬಹುದು ಅಲ್ವಾ? ಹೊಗೆ ದಾರಿಗೆ ತೆಳು ತಗಡು ಅಡ್ಡ ಇಟ್ಟರು. ಆಗಲೂ 300. (ಈ ತಗಡನ್ನು ಕಾಯಂ ಇಡುವವರೂ ಇದ್ದಾರೆ. ದಯವಿಟ್ಟು ಬೇಡ, ಆ ವಿಷ ನಾವೇ ಉಸಿರಾಡುವುದು.) ತಗಡು ತೆಗೆದು ವಾಲ್ವ್ ತೆರೆಸಿದಾಗ ಎಂಜಿನ್ ಸದ್ದು ಒರಟಾಯಿತು, ಅಂಕಿ ಇನ್ನೂ ಇಳಿಯಿತು. ಅಂದರೆ ದಾರಿಯೂ ಕಟ್ಟಿಲ್ಲ. ಮಸಿ ಕಟ್ಟಿದ್ದರೆ ಅಂಕಿ ಅಲುಗುತ್ತಿರಲಿಲ್ಲ, ಕೋಡ್ ಕೂಡ ‘ಹರಿವು ಕಡಿಮೆ’ ಎನ್ನುವ ಪಿ0401 ಆಗಿರುತ್ತಿತ್ತು.

ಉಳಿದಿದ್ದು ಎರಡೇ ಅನುಮಾನ. ಮೀಟರ್ ಸುಳ್ಳು ಹೇಳುತ್ತಿರಬೇಕು, ಇಲ್ಲವೇ ಗಾಳಿ ಹಾಜರಿ ಹಾಕದೆ ಹಿತ್ತಿಲ ಬಾಗಿಲಿಂದ ನುಗ್ಗುತ್ತಿರಬೇಕು. ಮೀಟರಿನಿಂದ, ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊಗೆ ಹೋಗುವ ರಬ್ಬರ್ ಪೈಪನ್ನು ಅವರು ಕೈಯಲ್ಲಿ ತಡವಿದರು. ಕೆಳಗಡೆ ಕ್ಲಾಂಪ್ ಸಡಿಲ, ಎರಡು ಬೆರಳು ಹೋಗುವಷ್ಟು ಸಂದು. ಹಿಂದಿನ ಸಲ ಫಿಲ್ಟರ್ ಬದಲಿಸಿದವರು ಬಿಗಿ ಮಾಡಿರಲಿಲ್ಲ.

ಬಿಗಿದ ಕೂಡಲೇ ಅಂಕಿ 400 ತೋರಿಸಿತು. ನಾನು ಖುಷಿಯಾದೆ, ಅವರಲ್ಲ. “ಆ ಸಂದಿನಿಂದ ಫಿಲ್ಟರ್ ಇಲ್ದ ಧೂಳೂ ಹೋಗೇತ್ರಿ,” ಎಂದು ಬಿಗಿದ ಪೈಪನ್ನು ಮತ್ತೆ ಬಿಚ್ಚಿ, ಟರ್ಬೊ ರೆಕ್ಕೆಯನ್ನು ಬೆರಳಿನಿಂದ ಮೆಲ್ಲಗೆ ಅಲ್ಲಾಡಿಸಿ ನೋಡತೊಡಗಿದರು.